ಸಣ್ಣ ವಿಮಾನಕ್ಕೆ ಯಾವ ಫ್ಯೂಯೆಲ್ ಗೇಜ್, ಯಾವ ವಾರ್ನಿಂಗ್ ಲೈಟ್? ತಗೊಳ್ಳೋ ಮುಂಚೆ ಇದನ್ನ ಓದಿ

ಮೈಸೂರು ಮಂಡ್ಯ ಕಡೆ ಈಗ ವಿಮಾನದ ಹುಚ್ಚು ಹತ್ತಿರೋರು ಕಮ್ಮಿ ಇಲ್ಲ ಕಣ್ರಿ. ಮಂಡಕಳ್ಳಿ ಏರ್‌ಪೋರ್ಟಲ್ಲಿ ಟ್ರೈನಿಂಗ್ ತಗೊಳ್ಳೋ ಹುಡುಗ್ರು ಹುಡುಗೀರು ಇದ್ದಾರೆ, ಮೈಕ್ರೋಲೈಟ್ (ಒಬ್ರು ಇಬ್ರು ಕೂರೋ ಹಗುರ ವಿಮಾನ) ತಗೋಬೇಕು ಅನ್ನೋರಿದ್ದಾರೆ, ಶೆಡ್ಡಲ್ಲಿ ತಾವೇ ಜೋಡಿಸೋ ವಿಮಾನದ ಕಿಟ್ ಇಟ್ಕೊಂಡು ಒಂದೊಂದೇ ರಿವೆಟ್ ಹೊಡೀತಾ ಕೂತಿರೋರೂ ಇದ್ದಾರೆ. ಎಲ್ರೂ ಒಂದಲ್ಲ ಒಂದು ದಿನ ಕೇಳೋದು, "ಅಣ್ಣ, ಫ್ಯೂಯೆಲ್ ಗೇಜ್ ಯಾವುದು ಹಾಕ್ಸೋದು, ಯಾವುದು ಬೆಸ್ಟು?" ಅಂತ. ನಾನು ಹೇಳೋದು ಯಾವಾಗ್ಲೂ ಒಂದೇ. ಒಂದು ಗೇಜ್ ಹುಡುಕಬೇಡಿ, ಎರಡು ಸಾಕ್ಷಿ ಹುಡುಕಿ, ಆ ಎರಡೂ ಒಂದೇ ಕಾರಣಕ್ಕೆ ಕೆಡದೇ ಇರೋ ಥರ ನೋಡ್ಕೊಳ್ಳಿ. ಕೆಳಗೆ ಬರೆದಿರೋದೆಲ್ಲ ಈ ಲೆಕ್ಕದಲ್ಲೇ ಓದ್ಕೊಳ್ಳಿ.

ಮೊದಲು ಒಂದು ತಪ್ಪು ಕಲ್ಪನೆ ಹೋಗ್ಬೇಕು. ಹ್ಯಾಂಗರ್ ಹತ್ರ ನಿಂತ್ರೆ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, "ವಿಮಾನದ ಗೇಜ್ ಖಾಲಿ ಆದಾಗ ಮಾತ್ರ ಸರಿ ತೋರಿಸಿದ್ರೆ ಸಾಕು, ರೂಲ್ ಅಷ್ಟೇ ಇರೋದು" ಅಂತ. ಅಮೆರಿಕದ ಎಫ್‌ಎಆರ್ 23.1337ನ (ಸಣ್ಣ ವಿಮಾನಗಳಿಗೆ 2017ರವರೆಗೆ ಇದ್ದ ನಿಯಮ) ಅರ್ಧ ಓದಿ ಹುಟ್ಟಿದ ಮಾತು ಅದು. ಹಾರಾಟದಲ್ಲಿ ಪ್ರತಿ ಟ್ಯಾಂಕಲ್ಲಿ ಬಳಸೋಕೆ ಆಗೋ ಫ್ಯೂಯೆಲ್ ಎಷ್ಟಿದೆ ಅಂತ ಗೇಜ್ ತೋರಿಸ್ಬೇಕು, ಅದರ ಜೊತೆಗೆ ಲೆವೆಲ್ ಫ್ಲೈಟಲ್ಲಿ ಇಂಜಿನ್‌ಗೆ ಹೋಗದೆ ತಳದಲ್ಲಿ ಉಳಿಯೋ ಫ್ಯೂಯೆಲ್ ಮಾತ್ರ ಇರುವಾಗ ಮುಳ್ಳು ಸೊನ್ನೆಗೆ ಬರೋ ಹಾಗೆ ಕ್ಯಾಲಿಬ್ರೇಟ್ ಆಗಿರ್ಬೇಕು, ಇದು ಆ ನಿಯಮದ ತಾತ್ಪರ್ಯ ಆಗಿತ್ತು. ಸೆಸ್ನಾ 152ನೇ ನೋಡಿ, ಸ್ಟ್ಯಾಂಡರ್ಡ್ ಟ್ಯಾಂಕಲ್ಲಿ 26 ಗ್ಯಾಲನ್ ಹಿಡಿಯುತ್ತೆ, ಬಳಸೋಕೆ ಸಿಗೋದು 24.5 ಗ್ಯಾಲನ್, ಅಂದ್ರೆ ಹೆಚ್ಚುಕಮ್ಮಿ 93 ಲೀಟರ್, ಮಿಕ್ಕ ಒಂದೂವರೆ ಗ್ಯಾಲನ್ ಟ್ಯಾಂಕಲ್ಲಿ ಇದ್ರೂ ಇಲ್ಲದ ಲೆಕ್ಕವೇ. ಸೊನ್ನೆ ಅಂದ್ರೆ ಆ ಒಂದೂವರೆ ಗ್ಯಾಲನ್. ಮಧ್ಯದ ಅಂಕಿಗಳು ಹೆಂಗಾದ್ರೂ ಇರಲಿ ಅಂತ ಯಾವ ರೂಲೂ ಹೇಳಿಲ್ಲ. ಗೇಜ್ ಹಾಳಾಗಿದ್ರೂ ಪರವಾಗಿಲ್ಲ ಅಂತ ಸುಮ್ನಿರೋ ಅಭ್ಯಾಸ ಇಲ್ಲಿಂದಲೇ ಶುರುವಾಗಿರೋದು, ನನಗೆ ಇದರ ಬಗ್ಗೆ ಸಿಟ್ಟಿದೆ, ಅದಕ್ಕೇ ಮೊದಲೇ ಬರೆದೆ.

ಈಗ ಆಯ್ಕೆಗಳಿಗೆ ಬರೋಣ. ತೀರಾ ಸರಳವಾದದ್ದು ಕಣ್ಣಲ್ಲಿ ನೋಡೋದು. ಹಳೇ ಪೈಪರ್ ಕಬ್ ಜೆ-3ಯಲ್ಲಿ ಟ್ಯಾಂಕಿನ ಮುಚ್ಚಳದಿಂದ ಒಂದು ತಂತಿ ಮೇಲಕ್ಕೆ ಚಾಚ್ಕೊಂಡಿರುತ್ತೆ, ಒಳಗೆ ಬೆಂಡಿನ ಫ್ಲೋಟ್, ಪೆಟ್ರೋಲ್ ಕಮ್ಮಿ ಆದಂಗೆ ತಂತಿ ಕೆಳಗಿಳಿಯುತ್ತೆ, ಅಷ್ಟೇ ಅದರ ಇಡೀ ಕಥೆ. ರೆಕ್ಕೆ ಮೇಲಿರೋ ಕಿಟ್ ವಿಮಾನಗಳಲ್ಲಿ ರೆಕ್ಕೆ ಬುಡದಲ್ಲಿ ಒಂದು ಪಾರದರ್ಶಕ ಟ್ಯೂಬ್ ಇಡ್ತಾರೆ, ಸೀಟಿನ ಹಿಂದೆ ಪ್ಲಾಸ್ಟಿಕ್ ಟ್ಯಾಂಕ್ ಇರೋ ಮೈಕ್ರೋಲೈಟಲ್ಲಂತೂ ಟ್ಯಾಂಕ್ ಮೈ ಮೇಲೇ ಗೆರೆ ಹಾಕಿರ್ತಾರೆ. ಕರೆಂಟ್ ಬೇಡ, ವೈರ್ ಬೇಡ, ಸುಳ್ಳು ಹೇಳೋಕೆ ದಾರಿಯೇ ಕಮ್ಮಿ. ತೊಂದರೆ ಏನಪ್ಪಾ ಅಂದ್ರೆ ಟ್ಯೂಬ್ ಹಳದಿ ತಿರುಗುತ್ತೆ, ಬಿಸಿಲಿಗೆ ಬಿರಿಯುತ್ತೆ, ಸಂಜೆ ಬೆಳಕಲ್ಲಿ ಪೂರ್ತಿ ತುಂಬಿದೆಯೋ ಪೂರ್ತಿ ಖಾಲಿಯೋ ಗೊತ್ತೇ ಆಗಲ್ಲ, ಎರಡೂ ಒಂದೇ ಥರ ಕಾಣುತ್ತೆ, ಅದಕ್ಕೇ ಟ್ಯೂಬ್ ಒಳಗೆ ಒಂದು ಸಣ್ಣ ಬಣ್ಣದ ಗುಂಡು ತೇಲೋ ಹಾಗೆ ಮಾಡ್ಕೊಳ್ಳೋದು ಒಳ್ಳೇದು, ಇಲ್ಲಾ ಟ್ಯೂಬ್ ಹಿಂದೆ ಓರೆ ಗೆರೆ ಇರೋ ಪಟ್ಟಿ ಅಂಟಿಸ್ಬೇಕು. ಹಿಂದೆ ತಿರುಗಿ ನೋಡ್ಬೇಕಾದ ಟ್ಯಾಂಕ್ ಆದ್ರೆ ಒಂದು ಪುಟ್ಟ ಕನ್ನಡಿ. ಮೈಕ್ರೋಲೈಟ್ ಇರೋರಿಗೆ ಮೊದಲ ಸಾಕ್ಷಿಯಾಗಿ ಇದಕ್ಕಿಂತ ಒಳ್ಳೇದು ನನಗೆ ಕಂಡಿಲ್ಲ, ಆದ್ರೆ ಇದು ನಿಮ್ಮನ್ನ ಕೂಗಿ ಎಬ್ಬಿಸಲ್ಲ, ನೀವೇ ನೋಡ್ಬೇಕು.

ಎರಡನೇದು ಎಲ್ಲರಿಗೂ ಗೊತ್ತಿರೋ ಫ್ಲೋಟ್ ಸೆಂಡರ್, ಸೆಂಡರ್ ಅಂದ್ರೆ ಟ್ಯಾಂಕಿಂದ ಗೇಜಿಗೆ ಮಟ್ಟ ತಿಳಿಸೋ ಭಾಗ. ಸೆಸ್ನಾ, ಪೈಪರ್ ಹಳೇ ವಿಮಾನಗಳಲ್ಲಿ ಹೆಚ್ಚಾಗಿ ಇರೋದು ಇದೇ, ಕಾರಲ್ಲೂ ಇದೇ. ಒಂದು ಕಡ್ಡಿ ತುದಿಯಲ್ಲಿ ಫ್ಲೋಟ್, ಇನ್ನೊಂದು ತುದಿಯಲ್ಲಿ ರೆಸಿಸ್ಟರ್ ಮೇಲೆ ಉಜ್ಜಿಕೊಂಡು ಓಡಾಡೋ ವೈಪರ್, ಅದರ ಓಮ್ಸ್ (ಕರೆಂಟಿಗೆ ಇರೋ ತಡೆಯ ಅಳತೆ) ನೋಡಿ ಮುಳ್ಳು ಆಡುತ್ತೆ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳ್ಬೇಕಾದ ವಿಷಯ ಇದೆ, ಯಾಕಂದ್ರೆ ಕಿಟ್ ಕಟ್ಟೋರು ಆಟೋಮೊಬೈಲ್ ಅಂಗಡಿಯಿಂದ ಸೆಂಡರ್ ತಂದು ಹಾಕುವಾಗ ಇದನ್ನ ಯಾರೂ ನೋಡಲ್ಲ. ಸೆಂಡರಲ್ಲಿ ಬೇರೆ ಬೇರೆ ಅಳತೆ ಬರುತ್ತೆ. ಒಂದು ಜಾತಿ 240ರಿಂದ 33 ಓಮ್, ಅಂದ್ರೆ ಖಾಲಿ ಇದ್ದಾಗ 240, ತುಂಬಿದಾಗ 33. ಇನ್ನೊಂದು 0ಯಿಂದ 90, ಖಾಲಿಗೆ 0, ತುಂಬಿದ್ರೆ 90. ಯುರೋಪ್ ಕಡೆ 10ರಿಂದ 180 ಅಂತ ಒಂದು, ಅದೂ ಖಾಲಿಗೆ ಕಮ್ಮಿ ಓಮ್. ಇದರಲ್ಲಿ ಏನು ದೊಡ್ಡ ವಿಷಯ ಅಂತೀರಾ? ಟ್ಯಾಂಕ್ ಹತ್ರ ಅರ್ಥಿಂಗ್ ಸಡಿಲ ಆಯ್ತು, ಕನೆಕ್ಟರಿಗೆ ತುಕ್ಕು ಹಿಡೀತು, ಇಲ್ಲಾ ವೈರೇ ಕಿತ್ತೋಯ್ತು ಅಂದ್ಕೊಳ್ಳಿ, ಆಗ ಗೇಜಿಗೆ ಓಮ್ಸ್ ಜಾಸ್ತಿ ಕಾಣುತ್ತೆ. 240-33 ಜಾತಿಯಲ್ಲಿ ಜಾಸ್ತಿ ಓಮ್ ಅಂದ್ರೆ ಖಾಲಿ, ಮುಳ್ಳು ಕೆಳಗೆ ಬೀಳುತ್ತೆ, ನೀವು ಗಾಬರಿ ಬಿದ್ದು ಬೇಗ ಇಳೀತೀರ, ಅಷ್ಟೇ ನಷ್ಟ. 0-90 ಜಾತಿಯಲ್ಲಿ ಅದೇ ತುಕ್ಕು ಟ್ಯಾಂಕ್ ತುಂಬಿದೆ ಅಂತ ತೋರಿಸುತ್ತೆ! ಒಂದೇ ರೋಗ, ಒಂದರಲ್ಲಿ ಕಾಪಾಡುತ್ತೆ ಇನ್ನೊಂದರಲ್ಲಿ ಸಾಯಿಸುತ್ತೆ. ವೈರ್ ಬಾಡಿಗೆ ತಾಗಿ ಶಾರ್ಟ್ ಆದ್ರೆ ಇದು ಉಲ್ಟಾ ಆಗುತ್ತೆ ನಿಜ, ಆದ್ರೆ ಮಳೆಗಾಲದ ತೇವದಲ್ಲಿ ನಿಲ್ಲೋ ವಿಮಾನಕ್ಕೆ ಶಾರ್ಟ್‌ಗಿಂತ ಕನೆಕ್ಷನ್ ಕೆಡೋದೇ ಜಾಸ್ತಿ, ಹಾಗಾಗಿ ಆಯ್ಕೆ ನಿಮ್ಮ ಕೈಲಿದ್ರೆ 240-33ನೇ ತಗೊಳ್ಳಿ, ಗೇಜೂ ಅದಕ್ಕೆ ಹೊಂದೋದೇ ಇರ್ಲಿ.

ಫ್ಲೋಟಿನ ಮಿಕ್ಕ ಕಾಯಿಲೆಗಳು ಎಲ್ಲರಿಗೂ ಗೊತ್ತಿರೋವೇ. ವೈಪರ್ ಸವೆದು ಮುಳ್ಳು ಕುಣಿಯುತ್ತೆ, ಫ್ಲೋಟ್ ಒಳಗೆ ಪೆಟ್ರೋಲ್ ಹೀರ್ಕೊಂಡು ಮುಳುಗುತ್ತೆ, ಕಡ್ಡಿ ಬಾಗಿ ಟ್ಯಾಂಕಿನ ಗೋಡೆಗೆ ತಾಗಿ ಅಲ್ಲೇ ಸಿಕ್ಕಾಕೊಳ್ಳುತ್ತೆ. ಇನ್ನೊಂದು ಇದೆ, ಅದು ಕಾಯಿಲೆ ಅಲ್ಲ, ಟ್ಯಾಂಕಿನ ಆಕಾರದ ಗುಣ. ರೆಕ್ಕೆ ತುದಿ ಮೇಲಕ್ಕೆ ಎತ್ತಿರುತ್ತಲ್ಲ, ಸೆಂಡರ್ ಬುಡದಲ್ಲಿ ಇರುತ್ತೆ, ಹಾಗಾಗಿ ಟ್ಯಾಂಕ್ ಪೂರ್ತಿ ತುಂಬಿದಾಗ ಫ್ಲೋಟ್ ಮೇಲಿನ ತಗಡಿಗೆ ತಾಗಿ ನಿಂತಿರುತ್ತೆ, ಎಷ್ಟೋ ಲೀಟರ್ ಸುಟ್ಟ ಮೇಲೇನೇ ಮುಳ್ಳು ಅಲುಗಾಡೋಕೆ ಶುರು. ಅಯ್ಯೋ ಇಂಜಿನ್ ಪೆಟ್ರೋಲೇ ಕುಡೀತಿಲ್ವಲ್ಲ ಅಂತ ಹೊಸಬ್ರು ಖುಷಿ ಪಡ್ತಾರೆ, ಆಮೇಲೆ ದಬದಬ ಅಂತ ಇಳಿಯುತ್ತೆ.

ಮೂರನೇದು ಕೆಪ್ಯಾಸಿಟೆನ್ಸ್ ಪ್ರೋಬ್. ಒಂದು ಟ್ಯೂಬ್ ಒಳಗೆ ಇನ್ನೊಂದು ಟ್ಯೂಬ್, ಮಧ್ಯೆ ಪೆಟ್ರೋಲ್ ಏರೋದು ಇಳಿಯೋದು. ಕೆಪ್ಯಾಸಿಟೆನ್ಸ್ ಅಂದ್ರೆ ಅದು ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋದು, ಮಧ್ಯೆ ಇರೋ ವಸ್ತು ಅದಕ್ಕೆ ಎಷ್ಟು ನೆರವಾಗುತ್ತೆ ಅನ್ನೋ ಅಂಕಿ ಡೈಎಲೆಕ್ಟ್ರಿಕ್. ಗಾಳಿಯ ಡೈಎಲೆಕ್ಟ್ರಿಕ್ 1, ಪೆಟ್ರೋಲಿಂದು 2ರ ಹತ್ರ, ಎಷ್ಟು ಉದ್ದ ಮುಳುಗಿದೆ ಅನ್ನೋದರ ಮೇಲೆ ಕೆಪ್ಯಾಸಿಟೆನ್ಸ್ ಬದಲಾಗುತ್ತೆ. ಆಡೋ ಭಾಗ ಒಂದೂ ಇಲ್ಲ, ಸವೆಯೋದು ಇಲ್ಲ, ಪ್ರೋಬನ್ನ ಟ್ಯಾಂಕಿನ ಆಕಾರಕ್ಕೆ ಬಗ್ಗಿಸಿ ಕೂರಿಸಬಹುದು, ದೊಡ್ಡ ವಿಮಾನಗಳಲ್ಲಿ ಹೆಚ್ಚಾಗಿ ಇದೇ ಇರೋದು. ಕೇಳಿದ ತಕ್ಷಣ ಇದೇ ಬೆಸ್ಟ್ ಅನ್ಸುತ್ತೆ, ಆವ್‌ಗ್ಯಾಸ್ (ವಿಮಾನಕ್ಕೇ ಅಂತ ಮಾಡೋ ಪೆಟ್ರೋಲ್) ಮಾತ್ರ ಹಾಕೋ ವಿಮಾನಕ್ಕೆ ನಿಜವಾಗ್ಲೂ ಒಳ್ಳೇದೇ. ಆದ್ರೆ ನಮ್ಮೂರಲ್ಲಿ ರೋಟ್ಯಾಕ್ಸ್ ಇಂಜಿನ್‌ನ ಮೈಕ್ರೋಲೈಟಿಗೆ ಬಂಕ್ ಪೆಟ್ರೋಲ್ ಹಾಕೋರು ಇದ್ದಾರಲ್ಲ, ಅವ್ರು ಇಲ್ಲಿ ನಿಲ್ಬೇಕು. ಎಥನಾಲ್‌ನ ಡೈಎಲೆಕ್ಟ್ರಿಕ್ 24ರ ಆಸುಪಾಸು, ನೀರಿಂದು 80. ಈಗ ಬಂಕಲ್ಲಿ ಸಿಗ್ತಿರೋದು ಇ20, ನೂರಕ್ಕೆ 20 ಭಾಗ ಎಥನಾಲ್. ಮಂಡ್ಯದ ಕಬ್ಬಿಗೆ ಎಥನಾಲ್ ಒಳ್ಳೇದೇ ಮಾಡಲಿ, ಅದರ ಬಗ್ಗೆ ನನ್ನ ತಕರಾರಿಲ್ಲ, ಆದ್ರೆ ಎಥನಾಲ್ ಇಲ್ಲದ ಪೆಟ್ರೋಲಿಗೆ ಕ್ಯಾಲಿಬ್ರೇಟ್ ಮಾಡಿದ ಪ್ರೋಬಿಗೆ ಇ20 ಹಾಕಿದ್ರೆ ಅದು ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ, ಕಮ್ಮಿ ಅಲ್ಲ, ಜಾಸ್ತಿ. ತಳದಲ್ಲಿ ನೀರು ಕೂತಿದ್ರೆ ಇನ್ನೂ ಕೆಟ್ಟದು. ಪ್ರತಿ ಸಲ ಬೇರೆ ಬೇರೆ ಬ್ಲೆಂಡ್ ಬಂದ್ರೆ ಯಾವ ಕ್ಯಾಲಿಬ್ರೇಷನ್ನೂ ನಿಲ್ಲಲ್ಲ. ಅದೂ ಅಲ್ಲದೆ ರೋಟ್ಯಾಕ್ಸ್ 912ಗೆ ಕಂಪನಿ ಒಪ್ಪಿರೋದು ಇ10ವರೆಗೆ ಮಾತ್ರ, ಅಂದ್ರೆ ಇ20 ಹಾಕೋ ವಿಚಾರ ಗೇಜಿಗಿಂತ ಮುಂಚೆ ಇಂಜಿನ್ ದೃಷ್ಟಿಯಿಂದಲೇ ಬಿಡಬೇಕಾದ್ದು. ಆವ್‌ಗ್ಯಾಸ್ 100ಎಲ್‌ಎಲ್ ದುಬಾರಿ ಅಂತ ಗೊತ್ತು, ಇಂಡಿಯನ್ ಆಯಿಲ್‌ನವ್ರು 2022ರಿಂದ ಇಲ್ಲೇ ತಯಾರಾದದ್ದನ್ನ ಕೊಡ್ತಿದ್ದಾರೆ, ನೀಲಿ ಬಣ್ಣದ್ದು, ಅದನ್ನೇ ಹಾಕ್ತೀವಿ ಅನ್ನೋರು ಮಾತ್ರ ಕೆಪ್ಯಾಸಿಟೆನ್ಸ್ ಕಡೆ ಹೋಗಿ.

ನಾಲ್ಕನೇದು ಹೊಸ ಕಾಲದ ಫ್ಲೋಟ್. ಫ್ಲೋಟ್ ಕಡ್ಡಿಯ ಬುಡದಲ್ಲಿ ಮ್ಯಾಗ್ನೆಟ್ ಇರುತ್ತೆ, ಅದು ತಿರುಗೋ ಕೋನವನ್ನ ಟ್ಯಾಂಕಿನ ಹೊರಗಿರೋ ಸೆನ್ಸರ್ ಮುಟ್ಟದೇನೇ ಓದುತ್ತೆ. ವೈಪರ್ ಇಲ್ಲ, ಟ್ಯಾಂಕ್ ಒಳಗೆ ಕರೆಂಟೇ ಇಲ್ಲ, ಹೊರಗೆ ಬರೋದು ಡಿಜಿಟಲ್ ಸಿಗ್ನಲ್, ಹಾಗಾಗಿ ಅರ್ಥಿಂಗ್ ಸ್ವಲ್ಪ ಕೆಟ್ರೆ ಓದಿದ್ದು ನಿಧಾನಕ್ಕೆ ಜಾರಲ್ಲ, ಸಿಗ್ನಲ್ ಹೋಯ್ತು ಅಂದ್ರೆ ಹೋಯ್ತು ಅಂತ ಸ್ಕ್ರೀನ್ ಮೇಲೇ ಗೊತ್ತಾಗುತ್ತೆ. ಅಮೆರಿಕದ ಓರೆಗಾನ್‌ನ ಸಿಐಇಎಸ್ ಅನ್ನೋ ಕಂಪನಿ ಇದಕ್ಕೆ ಹೆಸರುವಾಸಿ, ಸಿರಸ್ ವಿಮಾನಗಳಲ್ಲಿ ಅವರದ್ದೇ ಬರುತ್ತೆ. ಎಥನಾಲ್ ಎಷ್ಟಿದ್ರೂ ಇದಕ್ಕೆ ಲೆಕ್ಕ ಇಲ್ಲ, ಇದು ಮಟ್ಟ ನೋಡುತ್ತೆ, ದ್ರವದ ಗುಣ ನೋಡಲ್ಲ. ದುಡ್ಡು ಜಾಸ್ತಿ, ತರಿಸ್ಬೇಕು, ಕಾಯ್ಬೇಕು, ಅದಕ್ಕೆ ಹೊಂದೋ ಇಂಜಿನ್ ಮಾನಿಟರ್ (ಇಂಜಿನ್, ಫ್ಯೂಯೆಲ್ ಅಂಕಿಗಳನ್ನ ತೋರಿಸೋ ಸ್ಕ್ರೀನ್) ಬೇಕು. ಆದ್ರೂ ಹೊಸದಾಗಿ ಕಟ್ತಿರೋ ವಿಮಾನಕ್ಕೆ ನಾನು ಹಾಕ್ಸು ಅನ್ನೋದು ಇದನ್ನೇ. ಪೇಂಟಿಗೆ ಖರ್ಚು ಮಾಡೋ ದುಡ್ಡಲ್ಲಿ ಸ್ವಲ್ಪ ಇಲ್ಲಿಗೆ ತಿರುಗಿಸಿ.

ಟೈಪ್ ಸರ್ಟಿಫಿಕೇಟ್ (ಆ ಮಾಡೆಲ್ಲಿನ ವಿನ್ಯಾಸಕ್ಕೆ ಸಿಕ್ಕ ಸರ್ಕಾರದ ಒಪ್ಪಿಗೆ) ಇರೋ ಸೆಸ್ನಾಗೆ ಮನಸ್ಸಿಗೆ ಬಂದ ಸೆಂಡರ್ ಹಾಕೋಕೆ ಬರಲ್ಲ ಅನ್ನೋದು ನೆನಪಿರಲಿ, ಎಸ್‌ಟಿಸಿ (ಮಾರ್ಪಾಡಿಗೆ ಕೊಡೋ ಪ್ರತ್ಯೇಕ ಸರ್ಟಿಫಿಕೇಟ್) ಬೇಕು, ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿಗೆ ಬೇಕು. ಅಲ್ಲಿ ನಿಜವಾದ ಆಯ್ಕೆ ಹಳೇ ಸೆಂಡರನ್ನ ಸರಿಯಾಗಿ ರಿಪೇರಿ ಮಾಡ್ಸೋದಾ ಅಥವಾ ಎಸ್‌ಟಿಸಿ ಇರೋ ಡಿಜಿಟಲ್ಲಿಗೆ ಹೋಗೋದಾ ಅಂತ ಮಾತ್ರ. ದಿನಾ ಹಾರೋ ಟ್ರೈನಿಂಗ್ ವಿಮಾನಕ್ಕೆ ಡಿಜಿಟಲ್, ವಾರಕ್ಕೊಮ್ಮೆ ಹಾರೋದಕ್ಕೆ ರಿಪೇರಿ ಸಾಕು ಅನ್ನೋದು ನನ್ನ ಅಭಿಪ್ರಾಯ.

ಟೋಟಲೈಸರ್ ಅಂತ ಇನ್ನೊಂದಿದೆ, ಇದನ್ನ ಗೇಜ್ ಅಂತ ತಿಳ್ಕೊಂಡು ಮೋಸ ಹೋಗ್ತಾರೆ. ಫ್ಯೂಯೆಲ್ ಲೈನಲ್ಲಿ ಒಂದು ಪುಟ್ಟ ಚಕ್ರ ತಿರುಗುತ್ತೆ, ಪಲ್ಸ್ ಎಣಿಸಿ ಎಷ್ಟು ಹರೀತು ಅಂತ ಲೆಕ್ಕ ಹಾಕುತ್ತೆ. ಹರಿವಿನ ವಿಷಯದಲ್ಲಿ ಇದರಷ್ಟು ನಿಖರ ಬೇರೆ ಯಾವುದೂ ಇಲ್ಲ, ಸರಿಯಾಗಿ ಕ್ಯಾಲಿಬ್ರೇಟ್ ಮಾಡಿದ್ರೆ ಲೀಟರ್ ಲೆಕ್ಕದಲ್ಲಿ ನಂಬಬಹುದು. ಆದ್ರೆ ಟ್ಯಾಂಕಲ್ಲಿ ಎಷ್ಟಿದೆ ಅಂತ ಇದಕ್ಕೆ ಗೊತ್ತೇ ಇಲ್ಲ, ನೀವು ಟೈಪ್ ಮಾಡಿದ್ದನ್ನ ನಂಬ್ಕೊಂಡು ಅದರಿಂದ ಕಳೀತಾ ಹೋಗುತ್ತೆ. ಮುಚ್ಚಳ ಸರಿಯಾಗಿ ಹಾಕದೆ ರೆಕ್ಕೆ ಮೇಲಿಂದ ಪೆಟ್ರೋಲ್ ಗಾಳಿಗೆ ಹೀರ್ಕೊಂಡು ಹೋಗ್ತಿದ್ರೂ ಟೋಟಲೈಸರ್ ಪ್ರಕಾರ ಟ್ಯಾಂಕ್ ಅರ್ಧ ಇದೆ. ಮತ್ತೆ ರೋಟ್ಯಾಕ್ಸ್ 912 ಥರದ್ದರಲ್ಲಿ ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗೋ ರಿಟರ್ನ್ ಲೈನ್ ಇರುತ್ತೆ, ಅಲ್ಲಿ ಹೋಗೋ ಕಡೆ ಒಂದು ಬರೋ ಕಡೆ ಒಂದು ಎರಡು ಸೆನ್ಸರ್ ಹಾಕಿ ಕಳೀಬೇಕು, ಇಲ್ಲದಿದ್ರೆ ಲೆಕ್ಕ ತಪ್ಪು. ಗೇಜಿನ ಜೊತೆಗೆ ಎರಡನೇ ಸಾಕ್ಷಿಯಾಗಿ ಇದು ಅದ್ಭುತ, ಒಂಟಿಯಾಗಿ ಬೇಡ. ಗೇಜೂ ಟೋಟಲೈಸರೂ ಹೊಂದ್ತಾ ಇಲ್ಲ ಅಂದ್ರೆ ಅದೇ ಒಂದು ದೊಡ್ಡ ಸುದ್ದಿ, ಕಮ್ಮಿ ತೋರಿಸ್ತಿರೋದನ್ನ ನಂಬಿ ಇಳೀಬೇಕು.

ಇನ್ನು ವಾರ್ನಿಂಗ್ ಲೈಟ್. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಲೈಟಲ್ಲಿ ಎರಡು ಜಾತಿ. ಒಂದು, ಗೇಜಿನ ಅಂಕಿಯನ್ನೇ ನೋಡಿ ಇಷ್ಟಕ್ಕಿಂತ ಕೆಳಗೆ ಬಂದ್ರೆ ಉರಿಯೋದು. ಇನ್ನೊಂದು, ಟ್ಯಾಂಕ್ ಒಳಗೆ ತನ್ನದೇ ಬೇರೆ ಸೆನ್ಸರ್ ಇರೋದು. ನೋಡೋಕೆ ಎರಡೂ ಪ್ಯಾನೆಲ್ ಮೇಲೆ ಒಂದು ಹಳದಿ ದೀಪ, ವ್ಯತ್ಯಾಸ ಮಾತ್ರ ಆಕಾಶ ಭೂಮಿಯಷ್ಟು.

ಯಾಕೆ ಅಂತ ಹೇಳ್ತೀನಿ. ನಮ್ಮ ಮಂಡಕಳ್ಳಿಗೂ ಎಟಿಆರ್ 72 ಅನ್ನೋ ಪ್ಯಾಸೆಂಜರ್ ವಿಮಾನ ಬರುತ್ತಲ್ಲ, ಅದೇ ಮಾಡೆಲ್ಲಿನ ಟ್ಯುನಿಂಟರ್ 1153 ಅನ್ನೋ ವಿಮಾನ 2005ರ ಆಗಸ್ಟ್ 6ರಂದು ಇಟಲಿಯ ಬಾರಿಯಿಂದ ಹೊರಟು ಸಿಸಿಲಿಯ ಪಲೆರ್ಮೋ ಹತ್ರ ಸಮುದ್ರಕ್ಕೆ ಇಳೀಬೇಕಾಯ್ತು. ಹಿಂದಿನ ದಿನ ಫ್ಯೂಯೆಲ್ ಇಂಡಿಕೇಟರ್ ಬದಲಾಯಿಸುವಾಗ ಅದರ ಚಿಕ್ಕ ಮಾಡೆಲ್ ಎಟಿಆರ್ 42ರದ್ದನ್ನ ಹಾಕಿದ್ರು, ನೋಡೋಕೆ ಎರಡೂ ಒಂದೇ ಥರ, ಕೂರೋದೂ ಒಂದೇ ಜಾಗದಲ್ಲಿ, ಆದ್ರೆ ಟ್ಯಾಂಕಿನ ಲೆಕ್ಕ ಬೇರೆ, ಇರೋದಕ್ಕಿಂತ ತುಂಬಾ ಜಾಸ್ತಿ ತೋರಿಸ್ತು. ಎರಡೂ ಇಂಜಿನ್ ನಿಂತ್ವು, ಒಳಗಿದ್ದ 39 ಜನರಲ್ಲಿ 16 ಜನ ಹೋದ್ರು. ಲೋ ಫ್ಯೂಯೆಲ್ ಲೈಟ್ ಯಾಕೆ ಉರೀಲಿಲ್ಲ ಅಂದ್ರೆ ಆ ಲೈಟೂ ಅದೇ ಇಂಡಿಕೇಟರಿನ ಅಂಕಿ ನೋಡ್ಕೊಂಡೇ ಉರಿಯೋದಾಗಿತ್ತು. ಗೇಜ್ ಸುಳ್ಳು ಹೇಳಿದ್ರೆ ಲೈಟೂ ಅದೇ ಸುಳ್ಳಿಗೆ ತಲೆ ಆಡಿಸ್ತು. ದೊಡ್ಡ ವಿಮಾನದ ಕಥೆ ನಮಗ್ಯಾಕೆ ಅನ್ಬೇಡಿ, ಇವತ್ತು ಎಷ್ಟೋ ಕಿಟ್ ವಿಮಾನದ ಇಂಜಿನ್ ಮಾನಿಟರ್‌ಗಳಲ್ಲಿ ಲೋ ಫ್ಯೂಯೆಲ್ ಅಲಾರಂ ಇರೋದು ಇದೇ ರೀತಿಯಲ್ಲೇ.

ಬೇರೆ ಸೆನ್ಸರ್ ಅಂದ್ರೆ ಮೂರು ದಾರಿ. ರೀಡ್ ಸ್ವಿಚ್, ಮ್ಯಾಗ್ನೆಟ್ ಇರೋ ಪುಟ್ಟ ಫ್ಲೋಟ್ ಕೆಳಗೆ ಬಂದಾಗ ಸ್ವಿಚ್ ಬದಲಾಗುತ್ತೆ, ಅಗ್ಗ, ಸುಲಭ, ಕಸ ಸಿಕ್ಕಿದ್ರೆ ಅಂಟ್ಕೊಳ್ಳುತ್ತೆ. ಥರ್ಮಿಸ್ಟರ್, ಪೆಟ್ರೋಲಲ್ಲಿ ಮುಳುಗಿರೋವರೆಗೂ ತಣ್ಣಗಿರುತ್ತೆ, ಮೇಲೆ ಬಂದ್ರೆ ತನ್ನ ಬಿಸಿಗೇ ಕಾದು ಲೈಟ್ ಹತ್ತಿಸುತ್ತೆ. ಆಪ್ಟಿಕಲ್, ತುದಿಯಲ್ಲಿ ಪ್ರಿಸ್ಮ್, ಸುತ್ತ ಗಾಳಿ ಇದ್ರೆ ಬೆಳಕು ಒಳಗೇ ತಿರುಗಿ ವಾಪಸ್ ಬರುತ್ತೆ, ಪೆಟ್ರೋಲ್ ಇದ್ರೆ ಹೊರಗೆ ಹೋಗ್ಬಿಡುತ್ತೆ. ಮೈಕ್ರೋಲೈಟಿಗೂ ಕಿಟ್‌ಗೂ ನಾನು ಆಪ್ಟಿಕಲ್ಲನ್ನೇ ಹೇಳ್ತೀನಿ, ಆಡೋ ಭಾಗ ಇಲ್ಲ, ಸ್ವಿಚ್ ಆನ್ ಮಾಡಿದ ತಕ್ಷಣ ಒಮ್ಮೆ ಮಿನುಗಿ ನಾನು ಬದುಕಿದ್ದೀನಿ ಅಂತ ತೋರಿಸೋ ಥರದ್ದು ಸಿಗುತ್ತೆ. ರೀಡ್ ಸ್ವಿಚ್ಚೇ ಹಾಕ್ತೀನಿ ಅಂದ್ರೆ ವೈರ್ ತುಂಡಾದ್ರೆ ಲೈಟ್ ಉರಿಯೋ ಹಾಗೆ ವೈರಿಂಗ್ ಮಾಡಿ, ಆರಿ ಹೋಗೋ ಹಾಗಲ್ಲ.

ಎಷ್ಟಕ್ಕೆ ಉರೀಬೇಕು? ಸೆಸ್ನಾ 172ಎಸ್‌ನಲ್ಲಿ ಒಂದು ಟ್ಯಾಂಕ್ 5 ಗ್ಯಾಲನ್, ಅಂದ್ರೆ 19 ಲೀಟರಿಗಿಂತ ಕೆಳಗೆ ಬಂದು 60 ಸೆಕೆಂಡ್ ಹಾಗೇ ಇದ್ರೆ ಉರಿಯುತ್ತೆ, ಆ 60 ಸೆಕೆಂಡ್ ಯಾಕಂದ್ರೆ ತಿರುವಲ್ಲಿ, ಗಾಳಿಯ ಏಟಿಗೆ ಪೆಟ್ರೋಲ್ ತುಳುಕಿದಾಗೆಲ್ಲ ಉರಿದ್ರೆ ಪೈಲಟ್ ಆ ಲೈಟನ್ನ ನೋಡೋದೇ ಬಿಟ್ಬಿಡ್ತಾನೆ. ನಿಮ್ಮದಕ್ಕೆ ನೀವೇ ಲೆಕ್ಕ ಹಾಕಿ. ಮೈಸೂರಿಂದ ಬೆಂಗಳೂರಿನ ಜಕ್ಕೂರು ಏರೋಡ್ರೋಮಿಗೆ ನೇರ ಗೆರೆ ಎಳೆದ್ರೆ 130 ಕಿಲೋಮೀಟರ್ ಮೇಲೆ. ಗಂಟೆಗೆ 100 ಕಿಲೋಮೀಟರ್ ಹೋಗೋ ಮೈಕ್ರೋಲೈಟ್, ಗಂಟೆಗೆ 15 ಲೀಟರ್ ಕುಡಿಯುತ್ತೆ ಅಂದ್ಕೊಂಡ್ರೆ ಗಾಳಿ ಇಲ್ಲದ ದಿನ ಒಂದು ಗಂಟೆ ಇಪ್ಪತ್ತು ನಿಮಿಷ, 20 ಲೀಟರ್. ಜೂನ್ ಜುಲೈಯಲ್ಲಿ ಪಡುವಣ ಗಾಳಿ 30 ಕಿಲೋಮೀಟರ್ ಬೀಸ್ತಿದ್ರೆ ಜಕ್ಕೂರಿಂದ ವಾಪಸ್ ಬರುವಾಗ ಮುಖಕ್ಕೆ ಇಪ್ಪತ್ತು ಇಪ್ಪತ್ಮೂರು ಕಿಲೋಮೀಟರ್ ಹೊಡೀತದೆ, ಅದೇ ದಾರಿಗೆ ಒಂದೂಮುಕ್ಕಾಲು ಗಂಟೆ, 26 ಲೀಟರ್. ಆರು ಲೀಟರ್ ಎಲ್ಲಿ ಹೋಯ್ತು ಅಂತ ಮದ್ದೂರು ಮಂಡ್ಯ ಮೇಲೆ ಬಂದಾಗ ಯೋಚನೆ ಮಾಡಿದ್ರೆ ಕೆಳಗೆ ಇಳಿಯೋಕೆ ಏನಿದೆ? ನೀರು ನಿಂತ ಗದ್ದೆ, ಆಳೆತ್ತರ ಕಬ್ಬು. ಗದ್ದೆಯಲ್ಲಿ ಚಕ್ರ ಹೂತು ವಿಮಾನ ಮಗುಚಿಕೊಳ್ಳುತ್ತೆ. ಹಾಗಾಗಿ ಈ ಕಡೆ ಹಾರೋರು ಲೈಟನ್ನ ಹತ್ತು ಲೀಟರ್ ಬಳಸೋಕೆ ಸಿಗೋ ಹಾಗಿರುವಾಗಲೇ, ಅಂದ್ರೆ ನಲವತ್ತು ನಿಮಿಷ ಉಳಿದಿರುವಾಗಲೇ ಉರಿಯೋ ಹಾಗೆ ಇಡ್ಸಿ. ಐದು ಲೀಟರಿಗೆ ಇಟ್ರೆ ಅದು ಬರೀ ಸಮಾಚಾರ ಕೊಡುತ್ತೆ, ಸಮಯ ಕೊಡಲ್ಲ.

ಲೈಟ್ ಬೇರೆ ಸೆನ್ಸರಿಂದ ಬಂದ್ರೂ ಅದನ್ನ ನಂಬದೇ ಹೋದ್ರೆ ಏನೂ ಉಪಯೋಗ ಇಲ್ಲ. 2013ರ ನವೆಂಬರ್ 29ರ ರಾತ್ರಿ ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಪೊಲೀಸ್ ಹೆಲಿಕಾಪ್ಟರ್ ಒಂದು, ಇಸಿ135, ಕಟ್ಟಡದ ಮೇಲೆ ಬಿದ್ದು 10 ಜನ ತೀರ್ಕೊಂಡ್ರು. ಅದರಲ್ಲಿ ಕೆಪ್ಯಾಸಿಟೆನ್ಸ್ ಗೇಜೂ ಇತ್ತು, ಅದಕ್ಕೆ ಸಂಬಂಧ ಇಲ್ಲದ ಥರ್ಮಲ್ ಸೆನ್ಸರಿನ ಲೋ ಫ್ಯೂಯೆಲ್ ವಾರ್ನಿಂಗೂ ಇತ್ತು, ವಾರ್ನಿಂಗ್ ಒಂದಲ್ಲ ಹಲವು ಸಲ ಬಂದಿತ್ತು. ಮುಖ್ಯ ಟ್ಯಾಂಕಲ್ಲಿ ಪೆಟ್ರೋಲಿನ ಬದಲು ಬಳಸೋ ಜೆಟ್ ಫ್ಯೂಯೆಲ್ ಇನ್ನೂ ಉಳಿದಿತ್ತು, ಇಂಜಿನ್‌ಗೆ ಕೊಡೋ ಸಣ್ಣ ಟ್ಯಾಂಕಿಗೆ ಅದನ್ನ ಕಳಿಸೋ ಪಂಪ್‌ಗಳು ಆಫ್ ಆಗಿದ್ವು. ಒಟ್ಟು ಎಷ್ಟಿದೆ ಅನ್ನೋದಕ್ಕಿಂತ ಇಂಜಿನ್ ಕುಡಿಯೋ ಟ್ಯಾಂಕಲ್ಲಿ ಎಷ್ಟಿದೆ ಅನ್ನೋದನ್ನೇ ವಾರ್ನಿಂಗ್ ನೋಡ್ಬೇಕು ಅಂತ ನಾನು ಇಷ್ಟು ಹಠ ಮಾಡೋದು ಇದಕ್ಕೇ. ನಿಮ್ಮ ಕಿಟ್ಟಲ್ಲಿ ಹೆಡರ್ ಟ್ಯಾಂಕ್ (ಇಂಜಿನ್‌ಗೆ ನೇರವಾಗಿ ಕೊಡೋ ಸಣ್ಣ ಟ್ಯಾಂಕ್) ಇದ್ರೆ ಸೆನ್ಸರ್ ಹೋಗ್ಬೇಕಾದ ಜಾಗ ಅದು, ರೆಕ್ಕೆ ಅಲ್ಲ.

ಡಿಪ್ ಸ್ಟಿಕ್ ಬಗ್ಗೆ ಬೇರೆ ಹೇಳೋದೇ ಬೇಡ, ಟ್ರ್ಯಾಕ್ಟರ್ ಡೀಸೆಲ್ ಟ್ಯಾಂಕಿಗೆ ಕಡ್ಡಿ ಬಿಟ್ಟು ನೋಡೋ ಹಾಗೆ ಹೊರಡೋ ಮುಂಚೆ ಪ್ರತಿ ಸಲ ಬಿಡ್ಬೇಕು, ಆ ಕಡ್ಡಿ ಮಾತ್ರ ನಿಮ್ಮ ವಿಮಾನಕ್ಕೇ ಗುರುತು ಹಾಕಿದ್ದಾಗಿರ್ಬೇಕು, ಪಕ್ಕದವರದ್ದಲ್ಲ.

ಹಾಗಾದ್ರೆ ಯಾರಿಗೆ ಯಾವುದು. ಪ್ಲಾಸ್ಟಿಕ್ ಟ್ಯಾಂಕಿನ ಮೈಕ್ರೋಲೈಟಿಗೆ ಪಾರದರ್ಶಕ ಟ್ಯೂಬ್ ಜೊತೆಗೆ ಆಪ್ಟಿಕಲ್ ಲೋ ಲೆವೆಲ್ ಲೈಟ್, ಇದಕ್ಕಿಂತ ಜಾಸ್ತಿ ಖರ್ಚು ಬೇಡ. ಕಿಟ್ ಕಟ್ತಿರೋರಿಗೆ ಮ್ಯಾಗ್ನೆಟಿಕ್ ಫ್ಲೋಟ್, ದುಡ್ಡಿಲ್ಲ ಅಂದ್ರೆ 240-33 ಸೆಂಡರ್, ಎರಡರ ಜೊತೆಗೂ ಬೇರೆ ಲೋ ಲೆವೆಲ್ ಸೆನ್ಸರ್, ಉಳಿದ್ರೆ ಟೋಟಲೈಸರ್. ಹಳೇ ಸೆಸ್ನಾ ಇರೋ ಸ್ಕೂಲಿಗೆ ಡಿಪ್ ಸ್ಟಿಕ್ಕಿನ ಶಿಸ್ತು ಮೊದಲು, ಆಮೇಲೆ ದಿನಾ ಹಾರೋದಕ್ಕೆ ಡಿಜಿಟಲ್ ಸೆಂಡರ್, ಕಮ್ಮಿ ಹಾರೋದಕ್ಕೆ ಹಳೇ ಸೆಂಡರ್ ರಿಪೇರಿ, ಆಮೇಲೆ ಎಸ್‌ಟಿಸಿ ಇರೋ ಟೋಟಲೈಸರ್. ಕೆಪ್ಯಾಸಿಟೆನ್ಸ್ ಆವ್‌ಗ್ಯಾಸ್ ಬಿಟ್ಟು ಬೇರೆ ಹಾಕದವ್ರಿಗೆ.

ಯಾವುದೇ ಹಾಕ್ಸಿ, ಹಾಕ್ಸಿದ ದಿನ ಟ್ಯಾಂಕ್ ಪೂರ್ತಿ ಬಸಿದು, ವಿಮಾನವನ್ನ ಹಾರಾಟದ ಮಟ್ಟಕ್ಕೆ ಇಟ್ಟು (ಬಾಲದ ಚಕ್ರದ ವಿಮಾನ ಆದ್ರೆ ಬಾಲ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ), ಮೊದಲು ಬಳಸೋಕೆ ಬರದ ಅಷ್ಟು ಫ್ಯೂಯೆಲ್ ಹಾಕಿ ಅಲ್ಲಿಗೆ ಸೊನ್ನೆ ಗುರುತು ಮಾಡಿ. ಆಮೇಲೆ ಅಳತೆ ಕ್ಯಾನಲ್ಲಿ ಐದೈದು ಲೀಟರ್ ಹಾಕ್ತಾ ಗೇಜ್ ಏನು ತೋರಿಸ್ತಿದೆ ಅಂತ ಬರೆದುಕೊಳ್ತಾ ಹೋಗಿ, ಲೈಟ್ ಎಷ್ಟು ಲೀಟರಿಗೆ ಆರುತ್ತೆ ಅನ್ನೋದನ್ನೂ ಬರ್ಕೊಳ್ಳಿ, ಬಸಿಯುವಾಗ ಎಷ್ಟಕ್ಕೆ ಮತ್ತೆ ಉರಿಯುತ್ತೆ ಅನ್ನೋದನ್ನೂ ನೋಡಿ. ಹತ್ರ ಫೈರ್ ಎಕ್ಸ್‌ಟಿಂಗ್ವಿಶರ್ ಇರ್ಲಿ, ವಿಮಾನಕ್ಕೂ ಕ್ಯಾನಿಗೂ ಬಾಂಡಿಂಗ್ ವೈರ್ ಹಾಕಿರಿ, ಮೊಬೈಲ್ ದೂರ ಇಡಿ. ಆ ಪಟ್ಟಿಯನ್ನ ಲ್ಯಾಮಿನೇಟ್ ಮಾಡ್ಸಿ ಕಾಕ್‌ಪಿಟ್ಟಲ್ಲಿ ಅಂಟಿಸಿ, ವರ್ಷಕ್ಕೊಮ್ಮೆ ಇನ್‌ಸ್ಪೆಕ್ಷನ್ ಟೈಮಲ್ಲಿ ಇದೇ ಕೆಲಸ ಇನ್ನೊಂದು ಸಲ ಮಾಡಿ ಹಳೇ ಅಂಕಿ ಪಕ್ಕ ಹೊಸ ಅಂಕಿ ಬರೀರಿ, ಎರಡರ ಮಧ್ಯೆ ವ್ಯತ್ಯಾಸ ಬೆಳೀತಾ ಇದ್ರೆ ಸೆಂಡರ್ ಬಿಚ್ಚಿಸಿ ನೋಡ್ಸಿ.